ಕ್ಯಾಮರಾದ ನೆನಪು: ಗಾಜಿನ ಹಲಗೆಯಿಂದ ಮೆಮೊರಿ ಕಾರ್ಡಿನವರೆಗೆ

ಮನೆಯಲ್ಲಿ ಮದುವೆಯೋ ಮುಂಜಿಯೋ ಗೊತ್ತಾಯಿತೆಂದರೆ, ಓಲಗದವರಿಗೆ ಹೇಳಿ ಕಳುಹಿಸುವ ಅವಸರದಲ್ಲಿಯೇ ಕ್ಯಾಮರಾದ ಯೋಚನೆಯೂ ಬರುತ್ತದೆ. ಬಂಧುಗಳಲ್ಲಿ ಯಾರಾದರೊಬ್ಬರ ಹತ್ತಿರ ಒಳ್ಳೆಯ ಡಿಜಿಟಲ್ ಕ್ಯಾಮರಾ ಇರುತ್ತದೆ. ಅದಕ್ಕೆ ಹಾಕಲು ಒಂದು ಮೆಮೊರಿ ಕಾರ್ಡು ಬೇಕೆಂದು ನೀವು ಅಂಗಡಿಗೆ ಹೋಗುತ್ತೀರಿ. “ಎಷ್ಟು ಜಿಬಿಯದು ಕೊಡಲಿ?” ಎಂದು ಅಂಗಡಿಯವರು ಕೇಳುತ್ತಾರೆ. ಅವರು ಮುಂದಿಟ್ಟ ಕಾರ್ಡುಗಳೆಲ್ಲ ಆಕಾರದಲ್ಲಿ ಒಂದೇ, ಅಂಚೆಚೀಟಿಯಷ್ಟು ದೊಡ್ಡವು. ಬೆಲೆಯಲ್ಲಿ ಮಾತ್ರ ಒಂದಕ್ಕೂ ಮತ್ತೊಂದಕ್ಕೂ ಅಜಗಜಾಂತರ. ಒಂದೊಂದರ ಮೈಮೇಲೂ ಅಕ್ಷರ, ಅಂಕಿ, ವೃತ್ತ ಎಂದು ಹಲವು ಗುರುತುಗಳು. ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಈ ಗುರುತುಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಒಂದೊಂದು ತೊಡಕು, ಆ ತೊಡಕನ್ನು ಬಿಡಿಸಿದ ಜನರು ಇದ್ದಾರೆ. ಆ ಕಥೆಯನ್ನು ತಿಳಿದವರಿಗೆ ಆಯ್ಕೆ ಸುಲಭವಾಗುತ್ತದೆ. ಅಷ್ಟೇ ಅಲ್ಲ, ಕಾರ್ಡು ಯಾವ ಕೆಲಸಕ್ಕೆ ತಕ್ಕದ್ದು, ಯಾವುದಕ್ಕೆ ತಕ್ಕದ್ದಲ್ಲ ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಫ್ರಾನ್ಸಿನ ಡಾಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು ೧೮೩೯ರಲ್ಲಿ. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡೇ ಅವನ ಚಿತ್ರಕ್ಕೆ ಆಧಾರ. ಆ ತಗಡೇ ಬೆಳಕನ್ನು ಹಿಡಿಯುತ್ತಿತ್ತು, ಆ ತಗಡೇ ಚಿತ್ರವಾಗಿ ಉಳಿಯುತ್ತಿತ್ತು. ಅದರಿಂದ ಎರಡನೆಯ ಪ್ರತಿ ತೆಗೆಯುವ ಉಪಾಯವಿರಲಿಲ್ಲ. ತಗಡು ಕಳೆದರೆ ಚಿತ್ರವೂ ಕಳೆದಂತೆಯೇ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಮಾಡುವ ಬಗೆಯನ್ನು ಕಂಡುಹಿಡಿದು ೧೮೪೧ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಒಂದು ನೆಗೆಟಿವ್ ಇದ್ದರೆ ಬೇಕಾದಷ್ಟು ಪ್ರತಿ ತೆಗೆಯಬಹುದಾಯಿತು. ನಮ್ಮ ನಾಡಿಗೂ ಈ ವಿದ್ಯೆ ಬೇಗನೆ ಬಂದಿತು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತ ೧೮೫೪ರಲ್ಲಿಯೇ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಇಂಥ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದ.

೧೮೫೧ರಲ್ಲಿ ಸ್ಕಾಟ್ ಆರ್ಚರ್ ತಿಳಿಸಿದ ಗಾಜಿನ ಹಲಗೆಯ ವಿಧಾನದಲ್ಲಿ ಚಿತ್ರಗಳು ಇನ್ನೂ ಸ್ಪಷ್ಟವಾದುವು. ಆದರೆ ಗಾಜಿಗೆ ರಸವನ್ನು ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ತೊಳೆಯಬೇಕಾಗಿತ್ತು. ಹೊರಗೆ ಚಿತ್ರ ತೆಗೆಯಲು ಹೊರಟವನು ಕತ್ತಲೆಕೋಣೆಯನ್ನೂ ಗುಡಾರದಲ್ಲಿಯೋ ಗಾಡಿಯಲ್ಲಿಯೋ ಜೊತೆಗೆ ಸಾಗಿಸುತ್ತಿದ್ದ. ಕೊನೆಗೆ ಅಮೆರಿಕದ ಜಾರ್ಜ್ ಈಸ್ಟ್‌ಮನ್ ೧೮೮೮ರಲ್ಲಿ ಕೊಡಕ್ ಎಂಬ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದ. ಅದರೊಳಗೆ ೧೦೦ ಚಿತ್ರಗಳಿಗೆ ಸಾಕಾಗುವ ಸುರುಳಿ. ಸುರುಳಿ ಮುಗಿದ ಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳನ್ನು ತೊಳೆದು, ಹೊಸ ಸುರುಳಿ ಹಾಕಿ ಹಿಂದಿರುಗಿಸುತ್ತಿದ್ದರು. ಮುಂದೆ ೩೫ ಮಿಲಿಮೀಟರ್ ಫಿಲ್ಮು ಬಳಕೆಗೆ ಬಂದು, ೩೬ ಚಿತ್ರಗಳ ಸುರುಳಿಯೇ ಜನರ ಅಳತೆಯಾಯಿತು. ಮದುವೆಗೆ ಎಷ್ಟು ಸುರುಳಿ ಬೇಕು ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದುದು ನಿಮಗೆ ನೆನಪಿರಬಹುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಗಡಾಗಲಿ, ಗಾಜಾಗಲಿ, ಫಿಲ್ಮಾಗಲಿ, ಎರಡು ಕೆಲಸಗಳನ್ನು ತಾನೊಬ್ಬನೇ ಮಾಡುತ್ತಿತ್ತು: ಬೆಳಕನ್ನು ಹಿಡಿಯುವುದು ಒಂದು, ಹಿಡಿದದ್ದನ್ನು ಕಾಪಾಡುವುದು ಇನ್ನೊಂದು. ಡಿಜಿಟಲ್ ಕ್ಯಾಮರಾ ಈ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೬೯ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳು ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಇದಕ್ಕಾಗಿ ಅವರಿಗೆ ೨೦೦೯ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅದು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆದರೆ ಹಿಡಿದ ಚಿತ್ರವನ್ನು ಇಟ್ಟುಕೊಳ್ಳಲಾರದು. ಮುಂದಿನ ಚಿತ್ರಕ್ಕಾಗಿ ಒಡನೆಯೇ ಬರಿದಾಗಬೇಕು. ಹಾಗಾದರೆ ಚಿತ್ರವನ್ನು ಎಲ್ಲಿಡಬೇಕು? ಮೆಮೊರಿ ಕಾರ್ಡಿನ ಇತಿಹಾಸವೆಂದರೆ ಈ ಪ್ರಶ್ನೆಗೆ ಜನರು ಕೊಟ್ಟ ಉತ್ತರಗಳ ಇತಿಹಾಸ.

ಮೊದಲ ಉತ್ತರ ಕೊಟ್ಟವನು ಕೊಡಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್. ೧೯೭೫ರ ಕೊನೆಯಲ್ಲಿ ಅವನು ಕಟ್ಟಿದ ಕ್ಯಾಮರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅಡ್ಡಕ್ಕೆ ೧೦೦, ಉದ್ದಕ್ಕೆ ೧೦೦, ಒಟ್ಟು ೧೦,೦೦೦ ಚುಕ್ಕಿಗಳ ಕಪ್ಪುಬಿಳುಪು ಚಿತ್ರ. ಅದನ್ನು ಉಳಿಸಲು ಅವನು ಬಳಸಿದ್ದು ನಾವು ಹಾಡು ಕೇಳುತ್ತಿದ್ದಂಥ ಕ್ಯಾಸೆಟ್ ಟೇಪನ್ನೇ. ಒಂದು ಚಿತ್ರ ಟೇಪಿಗೆ ಇಳಿಯಲು ೨೩ ಸೆಕೆಂಡು ಹಿಡಿಯುತ್ತಿತ್ತು. ಟೇಪಿನಲ್ಲಿ ಇನ್ನೂ ಹೆಚ್ಚು ಜಾಗವಿದ್ದರೂ ಒಂದು ಕ್ಯಾಸೆಟ್ಟಿಗೆ ೩೦ ಚಿತ್ರಗಳು ಸಾಕೆಂದು ಅವನು ಗೊತ್ತುಮಾಡಿದ. ಕಾರಣ ಸ್ವಾರಸ್ಯವಾಗಿದೆ: ಫಿಲ್ಮಿನ ಸುರುಳಿಗಳು ೨೪ ಮತ್ತು ೩೬ ಚಿತ್ರಗಳವು, ೩೦ ಅವೆರಡರ ನಡುವಿನ ಸಂಖ್ಯೆ. ಹೊಸದನ್ನು ಕಟ್ಟುವವನೂ ಹಳೆಯ ಅಳತೆಗೋಲನ್ನು ಬಿಡಲಾಗಲಿಲ್ಲ.

ಅಲ್ಲಿಂದ ಮುಂದೆ ಪ್ರಯೋಗಗಳ ಸಾಲು. ಜಪಾನಿನ ಸೋನಿ ಕಂಪನಿ ೧೯೮೧ರಲ್ಲಿ ತೋರಿಸಿದ ಮ್ಯಾವಿಕಾ ಕ್ಯಾಮರಾ ಎರಡು ಅಂಗುಲದ ಕಾಂತೀಯ ಬಿಲ್ಲೆಯ ಮೇಲೆ ೫೦ ಚಿತ್ರಗಳನ್ನು ಬರೆಯುತ್ತಿತ್ತು. ಅದು ಡಿಜಿಟಲ್ ಅಲ್ಲ, ಟೆಲಿವಿಷನ್ ಚಿತ್ರದ ಜಾತಿಯದು. ೧೯೮೮ರಲ್ಲಿ ಫೂಜಿ ಕಂಪನಿ ಡಿಎಸ್-೧ಪಿ ಎಂಬ ಕ್ಯಾಮರಾವನ್ನು ಪ್ರದರ್ಶಿಸಿತು. ಅದರಲ್ಲಿ ತೆಗೆದು ಹಾಕಬಹುದಾದ ನಿಜವಾದ ಮೆಮೊರಿ ಕಾರ್ಡಿತ್ತು. ಹತ್ತರೊಳಗೆ ಚಿತ್ರಗಳು ಹಿಡಿಯುತ್ತಿದ್ದುವು. ಆದರೆ ಆ ಕಾರ್ಡಿನ ನೆನಪು ಬ್ಯಾಟರಿಯನ್ನು ನಂಬಿಕೊಂಡಿತ್ತು. ಬ್ಯಾಟರಿ ಸತ್ತರೆ ಚಿತ್ರವೂ ಹೋಯಿತು. ೧೯೯೧ರಲ್ಲಿ ಕೊಡಕ್ ಪತ್ರಿಕಾ ಛಾಯಾಗ್ರಾಹಕರಿಗಾಗಿ ತಂದ ಕ್ಯಾಮರಾಕ್ಕೆ ೨೦೦ ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಹೆಗಲಿಗೆ ತೂಗುಹಾಕಿಕೊಳ್ಳಬೇಕಾಗಿತ್ತು. ೧೯೯೭ರಲ್ಲಿ ಸೋನಿ ಗಣಕಯಂತ್ರದ ಸಾಧಾರಣ ಫ್ಲಾಪಿಯನ್ನೇ ಕ್ಯಾಮರಾದೊಳಗೆ ತುರುಕಿತು. ಆ ಫ್ಲಾಪಿಯ ಹಿಡಿತ ೧.೪೪ ಮೆಗಾಬೈಟು. ಇಂದಿನ ಒಂದು ಚಿತ್ರ ಹತ್ತು ಮೆಗಾಬೈಟು ಇದ್ದರೆ, ಅದೊಂದಕ್ಕೇ ಏಳು ಫ್ಲಾಪಿಗಳು ಬೇಕಾದಾವು!

ಟೇಪು, ಬಿಲ್ಲೆ, ಡಿಸ್ಕುಗಳೆಲ್ಲ ತಿರುಗುವ ಯಂತ್ರಗಳು. ಅಲುಗಾಡಿದರೆ ಅಪಾಯ, ವಿದ್ಯುತ್ತಿನ ಖರ್ಚು ಹೆಚ್ಚು. ಚಲನೆಯಿಲ್ಲದ, ಬ್ಯಾಟರಿಯನ್ನೂ ಬೇಡದ ನೆನಪು ಬೇಕಾಗಿತ್ತು. ಅದನ್ನು ಕೊಟ್ಟವರು ತೋಷಿಬಾ ಕಂಪನಿಯ ಫುಜಿಯೊ ಮಸುವೊಕ. ಅವರು ತಮ್ಮ ಸಾಧನವನ್ನು ೧೯೮೪ರಲ್ಲಿ ವಿದ್ವಾಂಸರ ಮುಂದಿಟ್ಟರು. ಅದರ ಇನ್ನೂ ಅಗ್ಗವಾದ ರೂಪವನ್ನು ೧೯೮೭ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರೆದದ್ದನ್ನೆಲ್ಲ ಒಂದೇ ಏಟಿಗೆ ಅಳಿಸಬಹುದಾಗಿತ್ತು. ಅದನ್ನು ಕಂಡ ಸಹೋದ್ಯೋಗಿಯೊಬ್ಬರಿಗೆ ಕ್ಯಾಮರಾದ ಫ್ಲ್ಯಾಶ್ ದೀಪ ಮಿಂಚಿ ಮಾಯವಾದ ನೆನಪಾಯಿತಂತೆ. ಹಾಗಾಗಿ ‘ಫ್ಲ್ಯಾಶ್’ ಎಂದೇ ಹೆಸರಾಯಿತು. ಕ್ಯಾಮರಾದಿಂದ ಹೆಸರು ಪಡೆದ ವಸ್ತು ಮುಂದೆ ಕ್ಯಾಮರಾದ ನೆನಪೇ ಆಯಿತು.

ಫ್ಲ್ಯಾಶ್ ಹೇಗೆ ನೆನಪಿಡುತ್ತದೆ? ಕಣ್ಣಿಗೆ ಕಾಣದಷ್ಟು ಸಣ್ಣ ಕೋಟ್ಯಂತರ ಕೋಣೆಗಳನ್ನು ಕಲ್ಪಿಸಿಕೊಳ್ಳಿ. ಒಂದೊಂದು ಕೋಣೆಗೂ ಸುತ್ತಲೂ ವಿದ್ಯುತ್ತನ್ನು ಹಾಯಗೊಡದ ಗೋಡೆ. ಹೆಚ್ಚಿನ ಒತ್ತಡ ಕೊಟ್ಟಾಗ ಎಲೆಕ್ಟ್ರಾನುಗಳು ಆ ತೆಳುವಾದ ಗೋಡೆಯನ್ನು ಹಾದು ಒಳಗೆ ಸೇರುತ್ತವೆ. ಒತ್ತಡ ನಿಂತ ಮೇಲೆ ಹೊರಗೆ ಬರಲಾರದೆ ವರ್ಷಗಟ್ಟಲೆ ಅಲ್ಲಿಯೇ ನಿಲ್ಲುತ್ತವೆ. ಎಲೆಕ್ಟ್ರಾನುಗಳಿದ್ದ ಕೋಣೆ ಒಂದು ಅಂಕಿ, ಇಲ್ಲದ ಕೋಣೆ ಇನ್ನೊಂದು ಅಂಕಿ. ನಿಮ್ಮ ಮಗಳ ಮದುವೆಯ ಚಿತ್ರವೆಲ್ಲ ಇಂಥ ಅಂಕಿಗಳ ಸಾಲು. ಆದರೆ ಬರೆದು ಅಳಿಸಿದ ಪ್ರತಿಯೊಂದು ಸಲವೂ ಗೋಡೆ ಒಂದಿಷ್ಟು ಸವೆಯುತ್ತದೆ. ಬಹಳ ಕಾಲ ಹಾಗೆಯೇ ಬಿಟ್ಟರೆ ಎಲೆಕ್ಟ್ರಾನುಗಳು ಮೆಲ್ಲಮೆಲ್ಲಗೆ ಸೋರಿಹೋಗುವುದೂ ಉಂಟು. ಬೆಲೆ ಇಳಿಸುವುದಕ್ಕಾಗಿ ಒಂದೇ ಕೋಣೆಯಲ್ಲಿ ಎರಡು, ಮೂರು ಅಂಕಿಗಳನ್ನು ಇಡುವ ಪದ್ಧತಿ ಬಂದ ಮೇಲಂತೂ ಕೋಣೆಗಳು ಇನ್ನಷ್ಟು ನಾಜೂಕಾಗಿವೆ. ಈ ಮಾತನ್ನು ಮನಸ್ಸಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಫ್ಲ್ಯಾಶ್ ಸಿಕ್ಕಿದ್ದೇ ತಡ, ಅದನ್ನು ಯಾವ ಆಕಾರದಲ್ಲಿ ಮಾರಬೇಕೆಂಬ ಪೈಪೋಟಿ ಎದ್ದಿತು. ಸ್ಯಾನ್‌ಡಿಸ್ಕ್ ಕಂಪನಿ ೧೯೯೪ರಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ತಂದಿತು. ಬೆಂಕಿಪೊಟ್ಟಣದಷ್ಟು ಅಗಲ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ನೆನಪನ್ನು ನಡೆಸುವ ನಿಯಂತ್ರಕ ಚಿಪ್ಪು ಕಾರ್ಡಿನೊಳಗೇ ಇತ್ತು. ೧೯೯೫ರಲ್ಲಿ ತೋಷಿಬಾ ತಂದ ಸ್ಮಾರ್ಟ್‌ಮೀಡಿಯಾ ಕಾರ್ಡು ಒಂದು ಮಿಲಿಮೀಟರಿಗಿಂತಲೂ ತೆಳು. ಅದರೊಳಗೆ ನಿಯಂತ್ರಕವಿರಲಿಲ್ಲ, ಆ ಕೆಲಸವನ್ನು ಕ್ಯಾಮರಾವೇ ಮಾಡಬೇಕು. ಅಗ್ಗವಾಯಿತು, ನಿಜ. ಆದರೆ ಕ್ಯಾಮರಾ ತಯಾರಾದ ಮೇಲೆ ಹುಟ್ಟಿದ ದೊಡ್ಡ ಕಾರ್ಡು ಆ ಕ್ಯಾಮರಾಕ್ಕೆ ಅರ್ಥವಾಗುತ್ತಿರಲಿಲ್ಲ. ಸಾಲದ್ದಕ್ಕೆ ಐದು ವೋಲ್ಟಿನದು ಬೇರೆ, ೩.೩ ವೋಲ್ಟಿನದು ಬೇರೆ. ೧೨೮ ಮೆಗಾಬೈಟಿಗೆ ಬಂದು ಅದು ನಿಂತೇಹೋಯಿತು.

೧೯೯೮ರಲ್ಲಿ ಸೋನಿ ತನ್ನದೇ ಆದ ಮೆಮೊರಿ ಸ್ಟಿಕ್ಕನ್ನು ತಂದಿತು. ೧೯೯೯ರಲ್ಲಿ ಮತ್ಸುಷಿತ, ತೋಷಿಬಾ, ಸ್ಯಾನ್‌ಡಿಸ್ಕ್ ಎಂಬ ಮೂರು ಕಂಪನಿಗಳು ಕೂಡಿ ಎಸ್‌ಡಿ ಕಾರ್ಡನ್ನು ಸಾರಿದವು. ೨೦೦೨ರಲ್ಲಿ ಒಲಿಂಪಸ್ ಮತ್ತು ಫೂಜಿ ಕಂಪನಿಗಳು ಎಕ್ಸ್‌ಡಿ ಎಂಬ ಇನ್ನೊಂದನ್ನು ಹೂಡಿದವು. ಆಗ ಕ್ಯಾಮರಾ ಬದಲಾಯಿಸಿದವರು ಕಾರ್ಡುಗಳನ್ನೂ ಬದಲಾಯಿಸಬೇಕಾಗಿತ್ತು. ಅಣ್ಣನ ಕಾರ್ಡು ತಮ್ಮನ ಕ್ಯಾಮರಾಕ್ಕೆ ಒಗ್ಗುತ್ತಿರಲಿಲ್ಲ. ಈ ಜಗಳದಲ್ಲಿ ಗೆದ್ದದ್ದು ಎಸ್‌ಡಿ. ಅದು ಚಿಕ್ಕದು, ನಿಯಂತ್ರಕ ಒಳಗೇ ಇದೆ, ಅನೇಕ ಕಂಪನಿಗಳು ಸಂಘ ಕಟ್ಟಿಕೊಂಡು ಅದನ್ನು ತಯಾರಿಸಿದವು. ಹತ್ತು ವರ್ಷ ತುಂಬುವುದರೊಳಗೆ ಎಕ್ಸ್‌ಡಿಯವರೂ ಅದರ ಕಡೆಗೆ ತಿರುಗಿದರು. ೨೦೧೦ರಲ್ಲಿ ಸೋನಿಯೇ ತನ್ನ ಕ್ಯಾಮರಾಗಳಲ್ಲಿ ಎಸ್‌ಡಿಗೆ ಜಾಗ ಕೊಟ್ಟಿತು. ಇಂದು ಮನೆಬಳಕೆಯ ಬಹುತೇಕ ಕ್ಯಾಮರಾಗಳು ಕೇಳುವುದು ಇದನ್ನೇ. ವೃತ್ತಿಯವರ ಕೆಲವು ದೊಡ್ಡ ಕ್ಯಾಮರಾಗಳು ಮಾತ್ರ ಸಿಎಫ್‌ಎಕ್ಸ್‌ಪ್ರೆಸ್ ಎಂಬ, ಇದಕ್ಕಿಂತ ವೇಗವಾದ, ಬೆಲೆಯೂ ಹೆಚ್ಚಾದ ಕಾರ್ಡನ್ನು ಕೇಳುತ್ತವೆ.

ಇನ್ನು ಅಂಗಡಿಗೆ ಹಿಂದಿರುಗೋಣ. ಕಾರ್ಡಿನ ಮೇಲಿನ ಗುರುತುಗಳು ಈಗ ಮಾತನಾಡಲಾರಂಭಿಸುತ್ತವೆ.

ಮೊದಲನೆಯದು ಜಾತಿ. ಮೊದಲ ಎಸ್‌ಡಿ ಕಾರ್ಡುಗಳ ಲೆಕ್ಕ ೨ ಗಿಗಾಬೈಟಿಗೆ ಮುಗಿಯುತ್ತಿತ್ತು. ಅದು ಸಾಲದೆ ೨೦೦೬ರಲ್ಲಿ ೩೨ ಗಿಗಾಬೈಟಿನವರೆಗಿನ ಎಸ್‌ಡಿಎಚ್‌ಸಿ ಬಂದಿತು. ಅದೂ ಸಾಲದೆ ೨೦೦೯ರಲ್ಲಿ ಎಸ್‌ಡಿಎಕ್ಸ್‌ಸಿ ಬಂದಿತು. ಇದರ ಮಿತಿ ೨ ಟೆರಾಬೈಟು, ಎಂದರೆ ಎರಡು ಸಾವಿರ ಗಿಗಾಬೈಟು. ಹೊಸ ಕ್ಯಾಮರಾ ಹಳೆಯ ಕಾರ್ಡನ್ನು ಓದಬಲ್ಲದು, ಹಳೆಯ ಕ್ಯಾಮರಾ ಹೊಸ ಕಾರ್ಡನ್ನು ಓದಲಾರದು. ಅಜ್ಜಿಯ ಮಾತು ಮೊಮ್ಮಗಳಿಗೆ ತಿಳಿಯುತ್ತದೆ. ಮೊಮ್ಮಗಳ ಹೊಸ ಮಾತು ಅಜ್ಜಿಗೆ ತಿಳಿಯುವುದಿಲ್ಲವಷ್ಟೆ. ನಿಮ್ಮದು ೨೦೦೬ಕ್ಕಿಂತ ಹಿಂದಿನ ಕ್ಯಾಮರಾ ಆಗಿದ್ದರೆ ೬೪ ಗಿಗಾಬೈಟಿನ ಕಾರ್ಡು ಕೊಂಡು ಪ್ರಯೋಜನವಿಲ್ಲ. ಕ್ಯಾಮರಾದ ಜೊತೆ ಬಂದ ಪುಸ್ತಕದಲ್ಲಿ ಯಾವ ಜಾತಿಯದು ಹಿಡಿಸುತ್ತದೆಂದು ನೋಡಿಕೊಂಡೇ ಹೊರಡಿ.

ಎರಡನೆಯದು ಹಿಡಿತ. ಇದು ಸಾಧಾರಣ ಭಾಗಾಕಾರದ ಲೆಕ್ಕ. ಒಂದು ಚಿತ್ರ ೧೦ ಮೆಗಾಬೈಟು ಎಂದಿಟ್ಟುಕೊಂಡರೆ ೩೨ ಗಿಗಾಬೈಟಿನ ಕಾರ್ಡಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳು ಹಿಡಿಯುತ್ತವೆ. ಹಿಂದಿನ ಲೆಕ್ಕದಲ್ಲಿ ಎಂಬತ್ತಕ್ಕೂ ಮೇಲ್ಪಟ್ಟು ಸುರುಳಿಗಳು! ಚಲನಚಿತ್ರದ ಮಾತು ಬೇರೆ. ಸೆಕೆಂಡಿಗೆ ೧೦೦ ಮೆಗಾಬಿಟ್ ಪ್ರಮಾಣದಲ್ಲಿ ಚಿತ್ರಿಸಿದರೆ ಒಂದು ಗಂಟೆಗೆ ೪೫ ಗಿಗಾಬೈಟು ಬೇಕು. ಮುಹೂರ್ತದ ಹೊತ್ತಿಗೆ ೩೨ರ ಕಾರ್ಡು ತುಂಬಿ ಕುಳಿತೀತು. ಆದರೂ ಎಲ್ಲವನ್ನೂ ನುಂಗುವ ಒಂದೇ ದೊಡ್ಡ ಕಾರ್ಡಿಗಿಂತ ನಡುಗಾತ್ರದ ಎರಡು ಕಾರ್ಡುಗಳು ಮೇಲು. ಧಾರೆಯ ಚಿತ್ರಗಳಿದ್ದ ಕಾರ್ಡು ಕೈಕೊಟ್ಟರೆ ಆರತಕ್ಷತೆಯ ಚಿತ್ರಗಳಾದರೂ ಉಳಿದಾವು.

ಮೂರನೆಯದು ವೇಗ. ಜನರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಕಾರ್ಡಿನ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿರುವ ವೇಗದ ಅಂಕಿ ಸಾಮಾನ್ಯವಾಗಿ ಓದುವ ವೇಗ. ಅದೂ ಅನುಕೂಲ ಸ್ಥಿತಿಯಲ್ಲಿ ಮುಟ್ಟಬಹುದಾದ ಗರಿಷ್ಠ ವೇಗ. ಕ್ಯಾಮರಾಕ್ಕೆ ಬೇಕಾದದ್ದು ಬರೆಯುವ ವೇಗ, ಅದರಲ್ಲಿಯೂ ಎಂದಿಗೂ ಕುಸಿಯದ ಕನಿಷ್ಠ ವೇಗ. ಅದನ್ನು ಹೇಳುವವು ಚಿಕ್ಕ ಗುರುತುಗಳು. ಸಿ ಅಕ್ಷರದೊಳಗೆ ೧೦ ಎಂದಿದ್ದರೆ ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟು. ಯು ಅಕ್ಷರದೊಳಗೆ ೧ ಇದ್ದರೆ ೧೦, ೩ ಇದ್ದರೆ ೩೦. ವಿ ಅಕ್ಷರದ ಮುಂದೆ ೩೦, ೬೦, ೯೦ ಎಂದಿದ್ದರೆ ಅಷ್ಟಷ್ಟೇ ಮೆಗಾಬೈಟುಗಳು. ಮೇಲೆ ಹೇಳಿದ ೧೦೦ ಮೆಗಾಬಿಟ್ಟಿನ ಚಲನಚಿತ್ರಕ್ಕೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು ಸಾಕು. ಹತ್ತರ ಗುರುತು ಅದಕ್ಕೆ ಕಡಿಮೆ, ಮೂವತ್ತರದು ಧಾರಾಳ. ಹಿಂಬದಿಯಲ್ಲಿ ಎರಡು ಸಾಲು ಹಿತ್ತಾಳೆಬಣ್ಣದ ಪಟ್ಟಿಗಳಿರುವ ದುಬಾರಿ ಕಾರ್ಡುಗಳೂ ಉಂಟು. ನಿಮ್ಮ ಕ್ಯಾಮರಾದಲ್ಲಿ ಎರಡನೆಯ ಸಾಲನ್ನು ಮುಟ್ಟುವ ಏರ್ಪಾಡಿಲ್ಲದಿದ್ದರೆ ಅದು ಸಾಧಾರಣ ಕಾರ್ಡಿನಂತೆಯೇ ನಡೆಯುತ್ತದೆ. ಎತ್ತಿನ ಗಾಡಿಗೆ ರೇಸಿನ ಕುದುರೆ ಕಟ್ಟಿದ ಹಾಗೆ. ಹಣ ಮಾತ್ರ ಹೋಯಿತು.

ನಾಲ್ಕನೆಯದು ಅಸಲಿಯೋ ನಕಲಿಯೋ ಎಂಬುದು. ನಿಯಂತ್ರಕ ಚಿಪ್ಪು ಕಾರ್ಡಿನೊಳಗೇ ಇರುವುದರಿಂದಲೇ ಎಸ್‌ಡಿ ಗೆದ್ದಿತೆಂದೆವಷ್ಟೆ. ವಂಚಕರಿಗೂ ಅದೇ ಬಾಗಿಲಾಯಿತು. ೮ ಗಿಗಾಬೈಟಿನ ಕಾರ್ಡಿನ ನಿಯಂತ್ರಕಕ್ಕೆ “ನಾನು ೧೨೮” ಎಂದು ಹೇಳಲು ಕಲಿಸಿ, ಹೆಸರಾಂತ ಕಂಪನಿಯ ಚೀಟಿ ಅಂಟಿಸಿ ಮಾರುತ್ತಾರೆ. ಕ್ಯಾಮರಾ ಆ ಮಾತನ್ನು ನಂಬುತ್ತದೆ. ಎಂಟು ತುಂಬುವವರೆಗೆ ಎಲ್ಲವೂ ಸರಿ. ಆಮೇಲೆ ತೆಗೆದ ಚಿತ್ರಗಳು ಎಲ್ಲಿಯೂ ಉಳಿಯುವುದಿಲ್ಲ, ಇಲ್ಲವೇ ಹಳೆಯವುಗಳ ಮೇಲೆಯೇ ಬರೆದುಕೊಳ್ಳುತ್ತವೆ. ಅನ್ಯಾಯ ತಿಳಿಯುವುದು ನೆಂಟರೆಲ್ಲ ಊರಿಗೆ ಹೋದ ಮೇಲೆ. ಆದ್ದರಿಂದ ರಸೀತಿ ಕೊಡುವ ನಂಬಿಕೆಯ ಅಂಗಡಿಯಲ್ಲಿಯೇ ಕೊಳ್ಳಿ. ಕೊಂಡ ಕಾರ್ಡನ್ನು ಕಾರ್ಯಕ್ಕೆ ಒಂದು ವಾರ ಮೊದಲೇ ಬೇಡದ ಕಡತಗಳಿಂದ ಕಂಠಮಟ್ಟ ತುಂಬಿ, ಎಲ್ಲವೂ ಹಿಂದಕ್ಕೆ ಬರುತ್ತವೆಯೇ ಎಂದು ತೆರೆದು ನೋಡಿ. ಹೊಸ ಬಿಂದಿಗೆ ಕೊಂಡವರು ನೀರು ತುಂಬಿ ಸೋರುತ್ತದೆಯೇ ಎಂದು ನೋಡುವುದಿಲ್ಲವೇ?

ಬಳಕೆಯ ಬಗ್ಗೆಯೂ ಎರಡು ಮಾತು. ಕ್ಯಾಮರಾದ ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡನ್ನು ಕೀಳಬೇಡಿ. ಆಗ ಬರೆಹ ನಡೆದಿರುತ್ತದೆ. ಕೈತಪ್ಪಿ ಚಿತ್ರಗಳನ್ನು ಅಳಿಸಿದಿರಾದರೆ ಗಾಬರಿಯಾಗಬೇಡಿ, ಆದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯಬೇಡಿ. ಸಾಮಾನ್ಯವಾಗಿ ಆ ಕ್ಷಣದಲ್ಲಿ ಅಳಿಯುವುದು ಚಿತ್ರಗಳ ಯಾದಿ ಮಾತ್ರ. ಹೊಸದು ಮೇಲೆ ಬರೆಯುವವರೆಗೆ ಚಿತ್ರ ಅಲ್ಲಿಯೇ ಇರುತ್ತದೆ. ಬಲ್ಲವರು ಅದನ್ನು ಹೊರತೆಗೆಯಬಹುದು. ಇನ್ನೊಂದು: ಕ್ಯಾಮರಾ ಪ್ರತಿ ಚಿತ್ರಕ್ಕೂ ನಾಲ್ಕು ಅಂಕಿಯ ಸಂಖ್ಯೆ ಕೊಡುತ್ತದೆ. ೧೯೯೮ರಲ್ಲಿ ಜಪಾನಿನವರು ಮಾಡಿದ ಕಟ್ಟಳೆ ಅದು. ೯೯೯೯ ಆದ ಮೇಲೆ ಮತ್ತೆ ೦೦೦೧. ಹಳೆಯ ಮತ್ತು ಹೊಸ ಚಿತ್ರಗಳಿಗೆ ಒಂದೇ ಹೆಸರು ಬಂದಾಗ, ಗಣಕಯಂತ್ರದಲ್ಲಿ ಒಂದರ ಮೇಲೊಂದು ಬಿದ್ದು ಹಳೆಯದು ಅಳಿಯಬಾರದು. ಒಂದೊಂದು ಸಂದರ್ಭಕ್ಕೂ ತಾರೀಖು ಬರೆದ ಬೇರೆ ಬೇರೆ ಫೋಲ್ಡರು ಮಾಡಿಕೊಳ್ಳುವುದು ಇದಕ್ಕಾಗಿಯೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಗಾಜಿನ ಹಲಗೆಯೂ ಫಿಲ್ಮೂ ಹಿಡಿದ ಚಿತ್ರವನ್ನು ತಾವೇ ಕಾಪಾಡುತ್ತಿದ್ದುವು. ನೂರೈವತ್ತು ವರ್ಷದ ಹಿಂದಿನ ಗಾಜನ್ನು ಇಂದು ಬೆಳಕಿಗೆ ಹಿಡಿದರೂ ಅದರಲ್ಲಿರುವವರ ಮುಖ ಕಾಣುತ್ತದೆ. ನೋಡಲು ಕಣ್ಣಿದ್ದರೆ ಸಾಕು. ಆ ಅಭ್ಯಾಸದಿಂದ ಅನೇಕರು ಕಾರ್ಡನ್ನೂ ಹಾಗೆಯೇ ನಂಬಿ, ತುಂಬಿದ ಕಾರ್ಡನ್ನು ಬೀರುವಿನಲ್ಲಿಟ್ಟು ನೆಮ್ಮದಿಯಾಗಿರುತ್ತಾರೆ. ಕಾರ್ಡು ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಒಳಗಿನ ಕೋಣೆಗಳಿಂದ ಎಲೆಕ್ಟ್ರಾನುಗಳು ಸೋರುವುದು ಒಂದು ಕಡೆ. ಕಾರ್ಡಿನ ಜಾತಿಯೇ ಅಳಿದುಹೋಗುವುದು ಇನ್ನೊಂದು ಕಡೆ. ೨೦೦೧ರಲ್ಲಿ ಸ್ಮಾರ್ಟ್‌ಮೀಡಿಯಾ ಕಾರ್ಡಿನಲ್ಲಿ ಮಗುವಿನ ನಾಮಕರಣದ ಚಿತ್ರಗಳನ್ನು ಇಟ್ಟವರು ಇಂದು ಅದನ್ನು ಓದುವ ಯಂತ್ರಕ್ಕಾಗಿ ಊರೆಲ್ಲ ಹುಡುಕಬೇಕು. ಅದೇ ಮಗುವಿನ ಮುತ್ತಜ್ಜಿಯ ಪಟ ಗೋಡೆಯ ಮೇಲೆ ಈಗಲೂ ನಗುತ್ತಿರುತ್ತದೆ.

ಕಣದಿಂದ ಕಾಳನ್ನು ಮನೆಗೆ ತರಲು ಗೋಣಿಚೀಲ ಬೇಕು. ವರ್ಷವಿಡೀ ಇಡಲು ಕಣಜ ಬೇಕು. ಮೆಮೊರಿ ಕಾರ್ಡು ಗೋಣಿಚೀಲ. ತೂತಿಲ್ಲದ, ತಕ್ಕ ಅಳತೆಯ ಚೀಲವನ್ನು ಆರಿಸಿಕೊಳ್ಳಬೇಕಾದದ್ದು ನಿಜ. ಆದರೆ ಕಾಳನ್ನು ಅದರಲ್ಲಿಯೇ ಬಿಟ್ಟು ಇಲಿ ತಿಂದಿತೆಂದು ಅತ್ತರೆ ತಪ್ಪು ಚೀಲದ್ದಲ್ಲ.

ಕಾರ್ಯ ಮುಗಿದ ವಾರದೊಳಗೆ ಚಿತ್ರಗಳನ್ನು ಕಾರ್ಡಿನಿಂದ ಇಳಿಸಿ ಎರಡು ಕಡೆ ಪ್ರತಿ ಮಾಡಿ. ಒಂದು ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಮನೆಯಲ್ಲಿರಲಿ. ನಾಲ್ಕೈದು ವರ್ಷಕ್ಕೊಮ್ಮೆ ಅವುಗಳನ್ನು ಹೊಸ ಸಾಧನಕ್ಕೆ ವರ್ಗಾಯಿಸಿ. ಎರಡೂ ಪ್ರತಿಗಳು ತೆರೆಯುತ್ತವೆಂದು ಕಣ್ಣಾರೆ ಕಂಡ ಮೇಲೆ, ಕಾರ್ಡನ್ನು ಕ್ಯಾಮರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ಮುಂದಿನ ಕಾರ್ಯಕ್ಕೆ ಸಿದ್ಧವಾಗಿಡಿ. ಸಾವಿರಾರು ಚಿತ್ರಗಳಲ್ಲಿ ಮನಸ್ಸಿಗೆ ಹಿಡಿಸಿದ ಮೂವತ್ತಾರನ್ನು ಆರಿಸಿ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ. ಒಂದೊಂದರ ಹಿಂಬದಿಯಲ್ಲೂ ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಸೀಸದಕಡ್ಡಿಯಿಂದ ಬರೆದಿಡಿ. ಹಿರಿಯರನ್ನು ಗುರುತಿಸಿ ಹೆಸರು ಹೇಳಬಲ್ಲವರು ಮನೆಯಲ್ಲಿರುವಾಗಲೇ ಆ ಕೆಲಸವಾಗಲಿ.